ಕೊನೆಯುಸಿರಿನವರೆಗೆ ಸೆರೆ: ಒಂದು ತೀರ್ಪನ್ನು ಓದುತ್ತಾ

ದಂಡುಪ್ರದೇಶದ ರಿಚ್ಮಂಡ್ ರಸ್ತೆಯ ಪವಿತ್ರ ಹೃದಯದ ದೇವಾಲಯಕ್ಕೆ ಬಲಿಪೂಜೆಗೆ ಹೋಗಿಬರುತ್ತಿದ್ದ ಹಿರಿಯರು ಶಕೀರಾ ಖಲೀಲಿಯವರ ಹೆಸರನ್ನು ಮರೆತಿರಲಾರರು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್‌ರವರ ಮೊಮ್ಮಗಳಾದ ಅವರು 1991ರಲ್ಲಿ ಕಾಣೆಯಾದರು. ಮಗಳು ಪಟ್ಟುಬಿಡದೆ ಹುಡುಕಿದಳು. 1992ರಲ್ಲಿ ಅಶೋಕನಗರ ಪೊಲೀಸ್ ಠಾಣೆಗೆ ದೂರು ಹೋಯಿತು. 1994ರಲ್ಲಿ ಅದೇ ರಸ್ತೆಯಲ್ಲಿದ್ದ ಅವರ ಮನೆಯ ಅಂಗಳವನ್ನು ಅಗೆದಾಗ ಮರದ ಪೆಟ್ಟಿಗೆಯೊಳಗೆ ಅಸ್ಥಿಪಂಜರ ಸಿಕ್ಕಿತು. ನಿದ್ದೆಯ ಔಷಧ ಕೊಟ್ಟು, ಪೆಟ್ಟಿಗೆಗೆ ಹಾಕಿ ಮಣ್ಣು ಮುಚ್ಚಿದವನು ಆಕೆಯ ಎರಡನೆಯ ಗಂಡ, ಸ್ವಾಮಿ ಶ್ರದ್ಧಾನಂದನೆಂದು ಕರೆಸಿಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರ ಎಂದು ನ್ಯಾಯಾಲಯಗಳು ತೀರ್ಮಾನಿಸಿದವು.

2023ರಲ್ಲಿ ಪ್ರೈಮ್ ವಿಡಿಯೋದಲ್ಲಿ ಬಂದ ‘ಡ್ಯಾನ್ಸಿಂಗ್ ಆನ್ ದಿ ಗ್ರೇವ್’ ಎಂಬ ನಾಲ್ಕು ಕಂತುಗಳ ಸಾಕ್ಷ್ಯಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. (ಆ ಶೀರ್ಷಿಕೆಯೇ ಸತ್ತವರಿಗೆ ತೋರಿದ ಅಗೌರವವೆಂದು ನನ್ನ ಭಾವನೆ.) ಕೊಲೆಯ ಕಥೆಯನ್ನು ಕುತೂಹಲದಿಂದ ನೋಡುವ ನಾವು ಅದರ ತೀರ್ಪನ್ನು ಓದುವ ಗೋಜಿಗೆ ಹೋಗುವುದಿಲ್ಲ. ಆದರೆ ಈ ದೇಶದ ಸೆರೆವಾಸದ ಅರ್ಥವನ್ನೇ ಬದಲಿಸಿದ್ದು ಆ ತೀರ್ಪು.

2007ರಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ಗಲ್ಲು ಎಂದರು, ಇನ್ನೊಬ್ಬರು ಬೇಡವೆಂದರು. 2008ರ ಜುಲೈ 22ರಂದು ಮೂವರ ಪೀಠದ ಪರವಾಗಿ ನ್ಯಾಯಮೂರ್ತಿ ಅಫ್ತಾಬ್ ಆಲಂ ಬರೆದ ತೀರ್ಪು ಮೂರನೆಯ ದಾರಿಯೊಂದನ್ನು ತೆರೆಯಿತು. ಅದುವರೆಗೆ ಜೀವಾವಧಿ ಶಿಕ್ಷೆಯೆಂದರೆ ಸಾಮಾನ್ಯವಾಗಿ ಹದಿನಾಲ್ಕು ವರ್ಷಗಳ ನಂತರ ಸರ್ಕಾರ ಸನ್ನಡತೆಯನ್ನು ಪರಿಶೀಲಿಸಿ ಬಿಡಬಹುದಾದ, ಕೊನೆ ನಿಶ್ಚಿತವಿಲ್ಲದ ಸೆರೆ. ಘೋರ ಅಪರಾಧಕ್ಕೆ ಹದಿನಾಲ್ಕು ವರ್ಷ ಸಾಲದೆಂದು ತೋರಿದಾಗ ನ್ಯಾಯಾಧೀಶರು ಗಲ್ಲಿನ ಕಡೆಗೆ ಜಾರುವ ಅಪಾಯವಿದೆ ಎಂಬುದು ಅವರ ವಾದ. ಆದ್ದರಿಂದ ನೇಣನ್ನು ತೆಗೆದುಹಾಕಿ, ಈತನನ್ನು ಸಾಯುವವರೆಗೂ ಬಿಡಕೂಡದೆಂದು ವಿಧಿಸಿದರು.

ಈ ತರ್ಕದ ಮೊದಲರ್ಧವನ್ನು ನಾನು ಮನಸಾರೆ ಒಪ್ಪುತ್ತೇನೆ. ಒಂದು ಜೀವ ಉಳಿಯಿತು. ಉಳಿದರ್ಧವೇ ತೊಡಕಿನದು. ಮನುಷ್ಯ ಬದಲಾದನೇ ಎಂದು ಕೇಳುವ ಅಧಿಕಾರವನ್ನು ನಾಳೆಯ ಪರಿಶೀಲನಾ ಸಮಿತಿಯ ಕೈಯಿಂದ ಕಿತ್ತುಕೊಂಡು, ಉತ್ತರವನ್ನು 2008ರಲ್ಲೇ ಬರೆದಿಟ್ಟಂತಾಯಿತು. ರಾಜೀವ್ ಗಾಂಧಿ ಹತ್ಯೆಯ ಅಪರಾಧಿಗಳಿಗೆ ಸಂಬಂಧಿಸಿದ 2015ರ ತೀರ್ಪಿನಲ್ಲಿ ಐವರ ಪೀಠ ಈ ದಾರಿಯನ್ನು ಎತ್ತಿಹಿಡಿಯಿತಾದರೂ, ಅದು ಮೂವರ ಬಹುಮತದಿಂದ ಮಾತ್ರ. ನ್ಯಾಯಮೂರ್ತಿಗಳಾದ ಲಲಿತ್ ಮತ್ತು ಸಪ್ರೆಯವರು, ಶಿಕ್ಷೆ ಕಡಿತಗೊಳಿಸಲು ಕಾನೂನು ಸರ್ಕಾರಕ್ಕೆ ಕೊಟ್ಟ ಅಧಿಕಾರವನ್ನು ನ್ಯಾಯಾಲಯ ಹೀಗೆ ಕಸಿಯಲಾಗದೆಂದು ಭಿನ್ನಮತ ಬರೆದರು. ನನಗೆ ಅವರ ಮಾತೇ ಹಿಡಿಸುತ್ತದೆ.

ವ್ಯಾಟಿಕನ್ 2013ರಲ್ಲಿ ತನ್ನ ದಂಡಸಂಹಿತೆಯಿಂದ ಜೀವಾವಧಿ ಶಿಕ್ಷೆಯನ್ನೇ ತೆಗೆದುಹಾಕಿತು. ಮರುವರ್ಷ ಜಗದ್ಗುರು ಫ್ರಾನ್ಸಿಸ್‌ರವರು ಅದನ್ನು ಮರೆಮಾಚಿದ ಮರಣದಂಡನೆಗೆ ಹೋಲಿಸಿದರು. ಆದರೆ ಅಷ್ಟು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಈ ಖೈದಿ ತಪ್ಪೊಪ್ಪಿಕೊಂಡವನಲ್ಲ. ಸಾಕ್ಷ್ಯಚಿತ್ರದಲ್ಲೂ ತಾನು ನಿರಪರಾಧಿಯೆಂದೇ ಹೇಳಿಕೊಂಡಿದ್ದಾನೆ. ಪಶ್ಚಾತ್ತಾಪ ಕಾಣದವನನ್ನು ಪರಿಶೀಲಿಸುವವರು ಏನನ್ನು ತೂಗಬೇಕು? ವಯಸ್ಸನ್ನೇ? ಸೆರೆಮನೆಯ ದಾಖಲೆಯನ್ನೇ? ನನ್ನ ದೃಷ್ಟಿಯಲ್ಲಿ, ಹೊರಬಂದರೆ ಯಾರಿಗಾದರೂ ಅಪಾಯವಿದೆಯೇ ಎಂಬುದನ್ನು. ಪಾಪನಿವೇದನೆಯನ್ನು ಬಿಡುಗಡೆಯ ಬೆಲೆಯಾಗಿಸಿದರೆ ಕಪಟಿಗೆ ಬೇಗ ಬಾಗಿಲು ತೆರೆದೀತು. ಇಪ್ಪತ್ತೈದೋ ಮೂವತ್ತೋ ವರ್ಷಗಳ ಗಡಿ ಹಾಕಿ, ಆಮೇಲೆ ಕಾರಣ ಬರೆದು ಪರಿಶೀಲಿಸಿರೆಂದು ಆಜ್ಞಾಪಿಸಬಹುದಿತ್ತು.

2024ರ ಅಕ್ಟೋಬರ್‌ನಲ್ಲಿ, ಎಂಬತ್ತು ದಾಟಿದ್ದ ಆತನ ಪುನರ್‌ಪರಿಶೀಲನಾ ಅರ್ಜಿಯನ್ನೂ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಸಂವಿಧಾನದ 72 ಮತ್ತು 161ನೇ ವಿಧಿಗಳಡಿ ರಾಷ್ಟ್ರಪತಿ, ರಾಜ್ಯಪಾಲರಿಗಿರುವ ಕ್ಷಮಾದಾನದ ಅಧಿಕಾರವನ್ನು ಮಾತ್ರ 2015ರ ತೀರ್ಪು ಮುಟ್ಟಿಲ್ಲ. ಅಂಥ ಅರ್ಜಿಗಳನ್ನು ಓದುವವರ ಮುಂದೆ ಅಪರಾಧಿಯ ಕಡತದ ಜೊತೆಗೆ ಶಕೀರಾರವರ ಹೆಣ್ಣುಮಕ್ಕಳಂಥವರ ಮಾತೂ ಇರಬೇಕು.