ಕರಗದೆ ಕುಸಿಯುವ ಹರಳು

ಚೆನ್ನೈನ ರಿಚಿ ಸ್ಟ್ರೀಟ್‌ನಲ್ಲಿ ಕೊಂಡ ಡಿವಿಡಿ-ಆರ್‌ಡಬ್ಲ್ಯೂ ತಟ್ಟೆಯೊಂದು ನನ್ನ ಮೇಜಿನ ಖಾನೆಯಲ್ಲಿ ಇನ್ನೂ ಇದೆ. ಎಷ್ಟು ಸಲ ಬರೆದೆನೋ, ಎಷ್ಟು ಸಲ ಅಳಿಸಿದೆನೋ. ಬರೆದಾಗಲೆಲ್ಲ ಅದರೊಳಗಿನ ಟೆಲ್ಲೂರಿಯಂ ಮಿಶ್ರಣದ ಪದರವನ್ನು ಲೇಸರ್ ಚುಕ್ಕೆಚುಕ್ಕೆಯಾಗಿ ಕರಗಿಸುತ್ತಿತ್ತು. ಕರಗಿದ್ದು ಥಟ್ಟನೆ ತಣಿದರೆ ಪರಮಾಣುಗಳಿಗೆ ಸಾಲುಗಟ್ಟಲು ಪುರುಸೊತ್ತಿಲ್ಲ, ಹರಳು ಗಾಜಾಗುತ್ತದೆ. ಎರಡೂ ಬೆಳಕನ್ನು ಬೇರೆಬೇರೆಯಾಗಿ ಹಿಂದಿರುಗಿಸುತ್ತವೆ, ಒಂದು-ಸೊನ್ನೆಯ ಗುಟ್ಟು ಅಷ್ಟೇ. ತೊಡಕಿರುವುದು ಕರಗಿಸುವುದರಲ್ಲಿ: ಅದಕ್ಕೆ ವಿಪರೀತ ಶಾಖ ಬೇಕು.

ಕರಗಿಸದೆಯೇ ಗಾಜು ಮಾಡಬಹುದೆಂದು 2024ರ ನವೆಂಬರಿನ 'ನೇಚರ್' ಪತ್ರಿಕೆಯಲ್ಲಿ ತೋರಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪವನ್ ನುಕಲ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿತೇಶ್ ಅಗರವಾಲ್ ಮತ್ತು ಸಂಗಡಿಗರು. ಸುದ್ದಿಯವರು ಹಿಡಿದುಕೊಂಡದ್ದು ಒಂದೇ ಮಾತು: ವಿದ್ಯುತ್ ನೂರು ಕೋಟಿ ಪಟ್ಟು ಕಡಿಮೆ ಸಾಕು. ನನಗೆ ಆ ಅಂಕಿಗಿಂತ ಹರಳು ಕುಸಿಯುವ ಬಗೆಯೇ ದೊಡ್ಡದು.

ಅವರು ಬಳಸಿದ್ದು ಇಂಡಿಯಂ ಸೆಲೆನೈಡಿನ ಸಣ್ಣ ತಂತಿ. ಅದರ ಒಂದೊಂದು ಪದರದಲ್ಲೂ ಐದು ಪರಮಾಣು ಹಾಳೆಗಳು: ಸೆಲೆನಿಯಂ, ಇಂಡಿಯಂ, ಸೆಲೆನಿಯಂ, ಇಂಡಿಯಂ, ಮತ್ತೆ ಸೆಲೆನಿಯಂ. ಪದರದ ಒಳಗೆ ಬಿಗಿ ಬಂಧ. ಪದರ ಪದರದ ನಡುವೆ ಬರೀ ಸಡಿಲ ಸೆಳೆತ. ಚೆನ್ನೈನ ತ್ಯಾಗರಾಯನಗರದ ಅಂಗಡಿಯಲ್ಲಿ ಮಡಿಸಿ ಪೇರಿಸಿದ ರೇಷ್ಮೆ ಸೀರೆಗಳಂತೆ, ಬದಿಯಿಂದ ತುಸು ತಳ್ಳಿದರೂ ಜಾರುತ್ತವೆ. ಪದರಗುಂಟ ವಿದ್ಯುತ್ ಹರಿದಾಗ ಒಂದೊಂದು ಭಾಗ ಒಂದೊಂದು ದಿಕ್ಕಿಗೆ ಜಾರಿ, ಗಡಿಗಳಲ್ಲಿ ಜೋಡಣೆಯ ದೋಷಗಳು ಹುಟ್ಟಿ, ಆ ದೋಷಗಳು ಸಂಧಿಸಿದಲ್ಲಿ ರಚನೆ ಕುಸಿಯುತ್ತದೆ. ಆ ಕುಸಿತದ ಅದುರು ಪಕ್ಕಕ್ಕೂ ಹಬ್ಬಿ, ಅಲ್ಲೂ ಕೆಡವುತ್ತದೆ. ಇದು ಮೊದಲು ಕಂಡಾಗ ತಂತಿಯೇ ಹಾಳಾಯಿತೆಂದುಕೊಂಡರಂತೆ. ಎಸೆದುಬಿಡದೆ ನೋಡಿದ್ದು ದೊಡ್ಡತನ.

ಹರಳಿನ ಒಳಗನ್ನು ನೋಡುವುದು ಚೆನ್ನೈಗೆ ಹೊಸದಲ್ಲ: ಬೆಂಗಳೂರು ಬಿಟ್ಟು 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಬಂದ ಭೌತವಿಜ್ಞಾನಿ ಜಿ.ಎನ್. ರಾಮಚಂದ್ರನ್ ಈ ಊರಿನಲ್ಲಿ ಹರಳು ಓದುವ ಪರಂಪರೆ ಕಟ್ಟಿದರು. ಎಕ್ಸ್-ಕಿರಣದ ಆ ಓದು ಕೋಟ್ಯಂತರ ಪರಮಾಣುಗಳ ಸರಾಸರಿ ಜಾಗವನ್ನು ಹೇಳುತ್ತಿತ್ತು. ನುಕಲ-ಅಗರವಾಲ್ ತಂಡದವರು ಸೂಕ್ಷ್ಮದರ್ಶಕದಡಿ ಕುಸಿತ ನಡೆಯುವಾಗಲೇ ಅದನ್ನು ಮೈಕ್ರೋಮೀಟರಿನಿಂದ ಪರಮಾಣುವಿನಳತೆಯವರೆಗೆ ಹಿಂಬಾಲಿಸಿದ್ದಾರೆ. ಪ್ರಬಂಧದ ಜೀವ ಇರುವುದು ಇಲ್ಲೇ.

ಆದರೆ ನೂರು ಕೋಟಿಯ ಲೆಕ್ಕ ಸಣ್ಣ ತಂತಿಯೊಂದರದ್ದು, ಚಿಪ್‌ನದ್ದಲ್ಲ. ನೆನಪಿನ ಸಾಧನಕ್ಕೆ ಕುಸಿದರಷ್ಟೇ ಸಾಲದು, ಮತ್ತೆ ಹರಳಾಗಬೇಕು, ಅದೂ ಲಕ್ಷಾಂತರ ಸಲ, ಸುಸ್ತಾಗದೆ. ಪ್ರಬಂಧದ ಗಮನವೆಲ್ಲ ಹೋಗುವ ದಾರಿಯ ಮೇಲಿದೆ. ಬರುವ ದಾರಿಯನ್ನು ಇಷ್ಟೇ ಹತ್ತಿರದಿಂದ ತೋರಿಸುವ ಇನ್ನೊಂದು ಪ್ರಬಂಧಕ್ಕೆ ನಾನು ಕಾಯುತ್ತಿದ್ದೇನೆ.