ದಾರ ಅಂದ್ರೆ ಬಾಗಿಲೋ, ನೂಲೋ?

‘ದಿ ಕ್ವಿಲ್’ ಅಂತ ಒಂದು ಸಾಫ್ಟ್‌ವೇರ್ ಇತ್ತು. 1983ರಲ್ಲಿ ವೇಲ್ಸ್‌ನ ಗಿಲ್‌ಸಾಫ್ಟ್ ಕಂಪನಿ ತಂದದ್ದು, ಬರೆದವರು ಗ್ರೇಮ್ ಯೀಂಡಲ್. 48 ಕೆಬಿ ಮೆಮೊರಿಯ ಸ್ಪೆಕ್ಟ್ರಮ್ ಕಂಪ್ಯೂಟರಿನಲ್ಲಿ ಕೋಡ್ ಬಾರದವರೂ ಇದರಿಂದ ಸಾಹಸದ ಆಟ ಕಟ್ಟಬಹುದಿತ್ತು. ಎಲ್ಲಾ ಬರೀ ಮಾತಿನಲ್ಲೇ. ‘ನೀನು ಕತ್ತಲೆ ಕೋಣೆಯಲ್ಲಿದ್ದೀಯ’ ಅಂತ ಪರದೆ ಹೇಳುತ್ತೆ, ಮುಂದೇನು ಅಂತ ನೀವು ಟೈಪ್ ಮಾಡಬೇಕು. ಆ ಕಂಪ್ಯೂಟರಿನ ಒಂದು ಆವೃತ್ತಿಯನ್ನು 1986ರಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ನಮ್ಮ ದೇಶದಲ್ಲೂ ಮಾರಾಟಕ್ಕಿಟ್ಟಿತು.

ಇಂಥ ಟೂಲ್‌ಗಳನ್ನು ಮೆಚ್ಚುವವರು ಸಾಮಾನ್ಯವಾಗಿ ಮೆಮೊರಿ ಉಳಿಸಿದ ಜಾಣತನ ಹೊಗಳುತ್ತಾರೆ. ನಾನು ಕೇಳೋದು ಬೇರೆ: ನಮ್ಮ ಮಾತು ಇದಕ್ಕೆ ಎಷ್ಟು ತಿಳಿಯುತ್ತೆ?

ಕ್ವಿಲ್‌ಗೆ ವ್ಯಾಕರಣ ಗೊತ್ತಿಲ್ಲ. ಎರಡು ಪದ, ಪ್ರತಿ ಪದದ ಮೊದಲ ನಾಲ್ಕು ಅಕ್ಷರ, ಅದಕ್ಕೊಂದು ನಂಬರ್. ಅಷ್ಟೇ. ಈ ದಡ್ಡತನವೇ ಕನ್ನಡಕ್ಕೆ ಅನುಕೂಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪಿಸಿದೆವು ಅನ್ನಿ. ಬಾಗಿಲು, ಬಾಗಿಲನ್ನು, ಬಾಗಿಲಿಗೆ ಎಲ್ಲವೂ ಬಿ-ಎ-ಜಿ-ಐ. ವಿಭಕ್ತಿಯ ಕಾಟವೇ ಇಲ್ಲ! ಆದರೆ ಮರ, ಮರಳು ಕೂಡ ಒಂದೇ ಆಗಿಬಿಡುತ್ತವೆ. ಅಥಣಿ, ರಾಯಬಾಗದ ಕೃಷ್ಣಾ ದಂಡೆಯಲ್ಲಿ ನಡೆಯೋ ಕತೆಗೆ ಇದು ಸಣ್ಣ ತೊಂದರೆಯಲ್ಲ. 1993ರಲ್ಲಿ ಬಂದ ಗ್ರಹಾಂ ನೆಲ್ಸನ್‌ರ ‘ಇನ್ಫಾರ್ಮ್’ ಬಹಳ ಜಾಣ, ಆದರೆ ಕ್ರಿಯಾಪದ ಮೊದಲು ಬರಲಿ ಅನ್ನುತ್ತೆ. ನಾವೋ, ‘ಬಾಗಿಲು ತೆಗೆ’ ಅನ್ನೋರು.

ಈಗ ನಿಪ್ಪಾಣಿಯ ತಂಬಾಕು ಗೋದಾಮಿನಲ್ಲಿ ಒಂದು ಆಟ ಕಟ್ಟೋಣ. ಕ್ವಿಲ್‌ನಲ್ಲಿ ಸಮಾನಾರ್ಥಕ ಪದಗಳಿಗೆ ಒಂದೇ ನಂಬರ್ ಕೊಡಬಹುದು. ಹಾಗಾಗಿ ಪುಸ್ತಕದ ‘ಬಾಗಿಲು’, ಚಿಕ್ಕೋಡಿ ಕಡೆಯ ‘ಬಾಗ್ಲಾ’, ಮರಾಠಿಯ ‘ದಾರ’ ಮೂರೂ ಒಂದೇ ಸಾಲಿನಲ್ಲಿ ಕೂರುತ್ತವೆ. ಚಿಕ್ಕೋಡಿಯಿಂದ ಕಾಗವಾಡದವರೆಗೆ ಎರಡು ಭಾಷೆ ಬೆರೆಸಿ ಮಾತಾಡೋ ಜನಕ್ಕೆ ಇದಕ್ಕಿಂತ ಒಳ್ಳೇ ಪಟ್ಟಿ ಬೇಕೇ? ಆದರೆ ಅದೇ ಗೋದಾಮಿನಲ್ಲಿ ಬೀಡಿ ಕಟ್ಟೋ ದಾರವೂ ಇದೆ. ಎರಡನ್ನೂ ಡಿ-ಎ-ಆರ್-ಎ ಅಂತ ಟೈಪಿಸಿದರೆ ಪಟ್ಟಿ ಸೋಲುತ್ತೆ: ಒಂದು ಪದಕ್ಕೆ ಒಂದೇ ನಂಬರ್. ಊರಿನವರಿಗೆ ಈ ಗೊಂದಲ ಇಲ್ಲ. ‘ಉಘಡ’ ಅಂದರೆ ಬಾಗಿಲು, ‘ಕಟ್ಟು’ ಅಂದರೆ ನೂಲು. ಪಕ್ಕದ ಪದ ನೋಡಿ ತಿಳೀತಾರೆ.

2009ರ ‘ಟ್ವೈನ್’ನಲ್ಲಿ ಕನ್ನಡ ಲಿಪಿಯಲ್ಲೇ ಕತೆ ಬರೆಯಬಹುದು. ಆದರೆ ಅಲ್ಲಿ ಆಟಗಾರ ಲಿಂಕ್ ಒತ್ತುತ್ತಾನೆ, ಮಾತಾಡೋದಿಲ್ಲ. ಲಿಪಿ ಸಿಕ್ಕಿತು, ಮಾತಿನ ಸರದಿ ಹೋಯಿತು. ಕ್ವಿಲ್ ಅರೆಕಿವುಡ ನಿಜ, ಆದರೂ ಕೇಳಿಸಿಕೊಳ್ಳೋಕೆ ಕೂತಿತ್ತು. ಇವತ್ತು ಫೋನಿನ ಅಸಿಸ್ಟೆಂಟ್ ‘ಕನ್ನಡ ಬರುತ್ತೆ’ ಅಂದರೆ ಅದಕ್ಕೆ ಪರೀಕ್ಷೆ ಬೆಂಗಳೂರಿನಲ್ಲಿ ಬೇಡ, ನಿಪ್ಪಾಣಿಯಲ್ಲಿ ಇಡಿ. ‘ದಾರ’ ಅನ್ನಿ, ಏನು ತೆಗೆಯುತ್ತೆ ನೋಡಿ.