ರಘು ದೀಕ್ಷಿತ್ ಮತ್ತು ಸೋರುವ ಮಾಳಿಗೆ

ಭದ್ರಾವತಿಗೆ ರಘು ದೀಕ್ಷಿತ್ ಬಂದಿದ್ದು ಇಂಡೀ ರಾಕ್ ಅಂತ ಹೆಸರು ಹಾಕಿಕೊಂಡಲ್ಲ, ಗಣಪತಿ ಪೆಂಡಾಲಿನ ಸ್ಪೀಕರಿನಲ್ಲಿ. 2008ರ ‘ಸೈಕೋ’ ಸಿನಿಮಾದ ಮಾದೇಶ್ವರನ ಹಾಡು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಸಿನಿಮಾ ನೋಡಿದವರು ಮಾತ್ರ ಕಡಿಮೆ. ಯಾರು ಹಾಡಿದ್ದು ಅಂತ ಯಾರೂ ಕೇಳಲಿಲ್ಲ, ಹಾಡು ಊರಿನದೇ ಆಗಿಹೋಗಿತ್ತು. ಅದೇ ವರ್ಷ ಬಂದ ಅವರ ಮೊದಲ ಆಲ್ಬಮ್ ನನಗೆ ಸಿಕ್ಕಿದ್ದು ಶಿವಮೊಗ್ಗದ ಹಾಸ್ಟೆಲ್ಲಿನಲ್ಲಿ, ರೂಮ್‌ಮೇಟಿನ ಪೆನ್‌ಡ್ರೈವಿನಿಂದ.

ಆ ಆಲ್ಬಮ್ಮಿನ ‘ಗುಡುಗುಡಿಯ ಸೇದಿ ನೋಡೋ’ ನಮ್ಮ ಹಾಸ್ಟೆಲ್ಲಿಗೆ ರಾಷ್ಟ್ರಗೀತೆಯಾಗಿತ್ತು. ಯಾಕೆ ಅಂತ ಬೇರೆ ಹೇಳಬೇಕಾ? ಶಿಶುನಾಳ ಶರೀಫರು ಹುಕ್ಕಾದ ನೆಪದಲ್ಲಿ ಒಳಗಿನ ಕಾಯಿಲೆಯ ಬಗ್ಗೆ ಮಾತಾಡ್ತಿದ್ದಾರೆ, ನಾವು ಟೆರೇಸಿನ ಮೇಲೆ ಕೂತು ಅದನ್ನು ಸಿಗರೇಟಿನ ಹಾಡು ಮಾಡಿಕೊಂಡಿದ್ದೆವು. ತಪ್ಪು ನಮ್ಮದು, ಒಪ್ಪಿದೆ. ಆದರೆ ಗಿಟಾರಿನ ಆ ಓಟ ನಮ್ಮನ್ನು ಆ ಕಡೆಗೇ ತಳ್ಳುತ್ತಿತ್ತು ಅನ್ನೋದೂ ನಿಜ.

ರಘು ದೀಕ್ಷಿತ್ ಬಗ್ಗೆ ನನ್ನ ತಕರಾರೂ ಪ್ರೀತಿಯೂ ಇಲ್ಲೇ ಶುರುವಾಗೋದು. ಮೈಸೂರಿನಲ್ಲಿ ಬೆಳೆದು, ಮೈಕ್ರೋಬಯಾಲಜಿ ಓದಿ, ಭರತನಾಟ್ಯ ಕಲಿತು, ಅದನ್ನು ಆಡಿಕೊಂಡ ಸಹಪಾಠಿಯ ಮೇಲಿನ ಹಟಕ್ಕೆ ಗಿಟಾರ್ ಹಿಡಿದು, ‘ಅಂತರಾಗ್ನಿ’ ಬ್ಯಾಂಡ್ ಕಟ್ಟಿದ ಮನುಷ್ಯ. ಲುಂಗಿ ಉಟ್ಟು ಗೆಜ್ಜೆ ಕಟ್ಟಿ 2011ರಲ್ಲಿ ಗ್ಲಾಸ್ಟನ್‌ಬರಿಯವರೆಗೆ ಹೋದರು. ಆದರೆ ಅವರ ಕನ್ನಡದ ದೊಡ್ಡ ಹಾಡುಗಳನ್ನು ಬರೆದ ಶರೀಫರು ತೀರಿಕೊಂಡಿದ್ದು 1889ರಲ್ಲಿ. ‘ನೋ ಮ್ಯಾನ್ ವಿಲ್ ಎವರ್ ಲವ್ ಯೂ’ ಥರದ ಇಂಗ್ಲಿಷ್ ಹಾಡುಗಳು ಚೆನ್ನಾಗೇ ಇವೆ, ಹಿಂದಿಯ ‘ಮೈಸೂರ್ ಸೇ ಆಯಿ’ ಇನ್ನೂ ಚೆಂದ. ಆದರೆ ಅವುಗಳಲ್ಲಿ ಆ ಗಂಟಲಿಗೆ ಎದುರು ನಿಲ್ಲುವ ಮಾತಿಲ್ಲ. ಶರೀಫರ ಪದಗಳಿಗೆ ಆ ತಾಕತ್ತಿದೆ.

‘ಸೋರುತಿಹುದು ಮನೆಯ ಮಾಳಿಗಿ’ ತಗೊಳ್ಳಿ. ನಮ್ಮ ಮನೆಯಲ್ಲಿ ಅದು ಸಿ. ಅಶ್ವಥ್ ಹಾಡು. ರಘು ದೀಕ್ಷಿತ್ ಹಾಡಿದ್ದನ್ನು ಹಾಕಿದಾಗ ಅಮ್ಮ ಎರಡು ನಿಮಿಷ ಕೇಳಿ, ‘ಮನೆ ಸೋರ್ತಿದೆ ಅಂತ ಇಷ್ಟು ಜೋರಾಗಿ ಕೂಗಿದ್ರೆ ಹಂಚು ಜರುಗಿಸೋರು ಯಾರೋ?’ ಅಂದರು. ಮಲೆನಾಡಿನವರಿಗೆ ಸೋರೋದು ಅಂದರೆ ಹಂಚು. ಕೋಲಿನಿಂದ ಸರಿಸಿ, ಕೆಳಗೊಂದು ಪಾತ್ರೆ ಇಟ್ಟರೆ ಆ ರಾತ್ರಿಗೆ ಸಾಕು. ಶರೀಫರ ಶಿಶುನಾಳದ ಕಡೆ ಮಾಳಿಗೆ ಅಂದರೆ ಮಣ್ಣು ಹಾಸಿದ ಚಪ್ಪಟೆ ಚಾವಣಿ. ಸೋರಿದರೆ ಯಾರಾದರೂ ಮೇಲೆ ಹತ್ತಿ, ಮಣ್ಣನ್ನು ತುಳಿದು ಗಟ್ಟಿ ಮಾಡಬೇಕು. ಕತ್ತಲಲ್ಲಿ ಹತ್ತಿ ಮೆಟ್ಟೋಕೆ ಆಗಲ್ಲ ಅನ್ನೋ ಹಾಡಿನ ಅಳಲು ಅಲ್ಲಿಂದ ಬಂದಿದ್ದು. ಇದು ಗೊತ್ತಾದ ಮೇಲೆ ಎರಡನ್ನೂ ಮತ್ತೆ ಕೇಳಿದೆ. ಅಶ್ವಥ್ ದನಿಯಲ್ಲಿ ಮನೆಯೊಳಗೆ ನೆನೆಯುತ್ತಾ ಕೂತವನು ಕಾಣಿಸಿದ. ರಘು ದೀಕ್ಷಿತ್ ದನಿಯಲ್ಲಿ ಕಂಡವನು ಕತ್ತಲಾದರೂ ಹತ್ತಿಯೇಬಿಟ್ಟಿದ್ದ. ಅಮ್ಮನ ಹತ್ತಿರ ವಾದ ಮಾಡಿ ಗೆದ್ದಿಲ್ಲ, ಆದರೆ ಈ ಒಂದು ಹಾಡಿಗೆ ನನ್ನ ವೋಟು ಗಿಟಾರಿಗೆ.

‘ಕೋಡಗನ ಕೋಳಿ ನುಂಗಿತ್ತ’ಕ್ಕೆ ಆ ವೋಟಿಲ್ಲ. 2013ರ ‘ಜಗ್ ಚಂಗಾ’ ಆಲ್ಬಮ್ಮಿನದು. ಮಕ್ಕಳು ಕುಣೀತಾರೆ, ಕುಣೀಲಿ. ಒಂದನ್ನೊಂದು ನುಂಗ್ತಾ ನುಂಗ್ತಾ ಕೊನೆಗೆ ಗುರುವಿನ ಪಾದ ಹಾಡುವವನನ್ನೇ ನುಂಗುತ್ತೆ ಅನ್ನೋ ದಿಗಿಲು ಅಲ್ಲಿ ನನಗೆ ಸಿಗಲಿಲ್ಲ.

ಬಡಿತ ಜೋರಿದ್ದರೆ ಮಾತ್ರ ಹಾಡು ಓಡುತ್ತೆ ಅಂದುಕೊಂಡವರು ನಮ್ಮೂರ ಕಡೆಯ ಶಿವಮೊಗ್ಗ ಸುಬ್ಬಣ್ಣನವರನ್ನು ಒಮ್ಮೆ ಕೇಳಬೇಕು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಹಾಡಿ ರಾಷ್ಟ್ರಪ್ರಶಸ್ತಿ ತಗೊಂಡವರು, ವೃತ್ತಿಯಿಂದ ವಕೀಲರು. ಅಲ್ಲಿ ಕುದುರೆಯನ್ನು ಓಡಿಸೋದು ಬರೀ ದನಿ. ಅವರು 2022ರ ಆಗಸ್ಟಿನಲ್ಲಿ ತೀರಿಕೊಂಡಾಗ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಅರ್ಧ ಜನ ಆ ಹಾಡನ್ನು ಮೊದಲ ಸಲ ಕೇಳಿದರು. ಒಬ್ಬ ಬರೆದ: ‘ಗುರೂ, ಇದೇ ರಾಕ್ ಕಣೋ.’ ಸ್ವಲ್ಪ ಅತಿಯಾಯ್ತು, ಆದರೂ ಅವನ ಮಾತು ತೆಗೆದುಹಾಕುವಂಥದ್ದಲ್ಲ.

ಕೊನೆಗೆ ‘ಲೋಕದ ಕಾಳಜಿ’. ಇದನ್ನು ಬೆಂಗಳೂರಿನ ಶೋಗಳಲ್ಲಿ ಕೈ ಎತ್ತಿಕೊಂಡು ಹಾಡಿದವರಲ್ಲಿ ನಾನೂ ಒಬ್ಬ. ಲೋಕದ ಚಿಂತೆಯನ್ನೆಲ್ಲ ಹೊತ್ತಿದ್ದೀನಿ ಅನ್ನುವವನಿಗೆ, ಮಾಡಪ್ಪಾ ಮಾಡು, ಬೇಡ ಅಂದವರು ಯಾರು ಅಂತ ಶರೀಫರು ಕಾಲೆಳೆಯುವ ಹಾಡು ಅದು. ಅಂದರೆ ನಾವು ಸಾವಿರ ಜನ ಸೇರಿ, ಟಿಕೆಟ್ ತಗೊಂಡು, ನಮ್ಮನ್ನೇ ಆಡಿಕೊಳ್ಳುವ ಹಾಡಿಗೆ ಕುಣೀತಿದ್ವಿ. ರಘು ದೀಕ್ಷಿತ್‌ಗೆ ಇದು ಗೊತ್ತಿತ್ತಾ? ಗೊತ್ತಿತ್ತು ಅಂತಲೇ ನನ್ನ ಅನುಮಾನ. ಆ ನಗುಮುಖ ಅಷ್ಟು ಮುಗ್ಧದ್ದೇನಲ್ಲ.

2023ರ ಜನವರಿಯಲ್ಲಿ ಭದ್ರಾವತಿಯ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿತ್ತು. 1918ರಲ್ಲಿ ಶುರುವಾದ ಕಾರ್ಖಾನೆ. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಆ ದಿನಗಳಲ್ಲಿ ಒಮ್ಮೆ ಊರಿಗೆ ಹೋಗಿದ್ದವನು ಬೆಳಗಿನ ಜನಶತಾಬ್ದಿಯಲ್ಲಿ ವಾಪಸ್ ಬರ್ತಿದ್ದೆ. ಹಿಂದಿನ ರಾತ್ರಿಯೇ ಫೇಸ್‌ಬುಕ್ಕಿನಲ್ಲಿ ‘ಊರು ಉಳಿಸಿ’ ಅಂತ ಉದ್ದದ ಪೋಸ್ಟ್ ಹಾಕಿದ್ದೆ. ಧರಣಿಯ ಪೆಂಡಾಲಿಗೆ ಹೋಗಿರಲಿಲ್ಲ. ತರೀಕೆರೆ ದಾಟೋ ಹೊತ್ತಿಗೆ ಇಯರ್‌ಫೋನಿನಲ್ಲಿ ತಾನಾಗೇ ಈ ಹಾಡು ಬಂತು. ಪೂರ್ತಿ ಕೇಳಿದೆ. ಬೀರೂರಿನಲ್ಲಿ ಫೋನ್ ತೆಗೆದು ನೋಡಿದೆ, ಪೋಸ್ಟಿಗೆ ನೂರಾ ಹನ್ನೆರಡು ಲೈಕ್ ಬಂದಿತ್ತು.